ಎರಡು ಪುಸ್ತಕ

ಸಾಂತು ಕಿಣಿಯವರ ಅಂಗಡಿಯಲ್ಲಿ ನಾನು ಎರಡು ಪುಸ್ತಕ ಬರೆಯುತ್ತಿದ್ದೆ.
ಒಂದು ಸರಕಾರಕ್ಕೆ, ಇನ್ನೊಂದು ದೇವರಿಗೆ
ಎಂದು ಅವರೇ ನಗುತ್ತಿದ್ದರು.
ದಕ್ಕೆಯಲ್ಲಿ ಅಕ್ಕಿಮುಡಿ ಎಣಿಸುವಾಗ
ಹತ್ತಕ್ಕೊಂದು ಬಾಯಿತಪ್ಪುವ ಲೆಕ್ಕ ಕಲಿಸಿದವರೂ ಅವರೇ.
ಗೋವೆಯ ಉಪ್ಪು ಒಣಮೀನಿನ ಅಡಿಯಲ್ಲಿ ಮಲಗಿ ಬರುತ್ತಿತ್ತು.
ಮಂಜಿಗೆ ಎರಡನೇ ತಳ ಹಾಕಿಸಿದ್ದು ಬೆಂಗ್ರೆಯಲ್ಲಿ, ರಾತ್ರಿ;
ಹಲಸಿನ ಹಲಗೆ, ತಾಮ್ರದ ಮೊಳೆ,
ಖರ್ಚು ನಲವತ್ತೆರಡು ರೂಪಾಯಿ. ದೇವರ ಪುಸ್ತಕದಲ್ಲಿ ಉಂಟು.

ಹೇಗೋ ಏನೋ, ಕಲೆಕ್ಟರ ಸಾಹೇಬನಿಗೆ ಇವರ ಮೇಲೆ ಮನಸ್ಸಾಯಿತು.
ಕಳ್ಳದಾರಿ ಬಲ್ಲವನೇ ಕಾವಲಿಗೆ ಸರಿ ಅಂದನಂತೆ.
ಅಂದನೋ, ಪೇಟೆಯವರು ಕಟ್ಟಿದ್ದೋ.
ತಿಂಗಳಿಗೆ ಅರುವತ್ತು ರೂಪಾಯಿ, ಒಂದು ಕುದುರೆ,
ಡವಾಲಿ ಕಟ್ಟಿದ ಇಬ್ಬರು ಜವಾನರು.
"ಒಂದು ಮಂಜಿಯ ಲಾಭವೂ ಇಲ್ಲವಲ್ಲ" ಎಂದರು ಹೆಂಡತಿ.
ಕಿಣಿಯವರು ಕನ್ನಡಿಯೆದುರು ಮುಂಡಾಸು ಸುತ್ತುತ್ತಲೇ ಇದ್ದರು.

ಅಂಗಡಿ ತಮ್ಮನಿಗೆ ಹೋಯಿತು.
ನಾನು ಶಾಯಿಕುಡಿಕೆ ಹಿಡಿದು ಉಪ್ಪಿನ ಕಚೇರಿಗೆ ಬಂದೆ.
ಇಲ್ಲಿ ಒಂದೇ ಪುಸ್ತಕ. ಎಡಗೈ ಖಾಲಿ ಖಾಲಿ ಅನಿಸುತ್ತಿತ್ತು.

ಮಳೆಗಾಲ ಮುಗಿದು ಅಳಿವೆಬಾಗಿಲು ತೆರೆದ ಹೊಸತು,
ತಂಡೇಲ ಪೊಡಿಯಬ್ಬನ ಮಂಜಿ ಬಂತು. ನಮ್ಮದೇ ಹಳೆಯ ಮಂಜಿ.
ಕಿಣಿಯವರು ಬೂಟುಗಾಲಲ್ಲಿ ಇಳಿದರು,
ಎಲ್ಲೂ ಹುಡುಕದೆ, ನೇರ ಹೋಗಿ
ನಾಲ್ಕನೆಯ ಹಲಗೆಗೆ ಬೆತ್ತ ಬಡಿದರು.
ಟೊಳ್ಳು ಸದ್ದು.
ಪೊಡಿಯಬ್ಬ ಹಲಗೆಯ ಕಡೆ ನೋಡಲೇ ಇಲ್ಲ.
"ಧಣೀ, ಈ ಮೊಳೆ ಹೊಡೆದ ರಾತ್ರಿ
ದೀಪ ಹಿಡಿದವರು ನೀವು."
"ಬರೆದುಕೋ" ಎಂದರು ನನಗೆ.
ಬರೆದೆ: ಉಪ್ಪು ಹದಿನೇಳು ಮಣ, ದಂಡ ಎಂಬತ್ತು.
ದೀಪಕ್ಕೆ ಕಾಲಂ ಇರಲಿಲ್ಲ.

ಆಮೇಲೆ ಮದರಾಸಿನಿಂದ ಕಾಗದ, ಬಡ್ತಿ,
ಮಲ್ಪೆ, ಕುಂದಾಪುರ, ತಿರುಗಿ ಇದೇ ಬಂದರು.
ಹತ್ತೊಂಬತ್ತು ವರ್ಷ ಲಂಚ ಮುಟ್ಟಲಿಲ್ಲ, ನಾನೇ ಸಾಕ್ಷಿ.
ಅವರು ನಡೆದು ಬಂದರೆ
ತಕ್ಕಡಿಗಳು ಮಾತು ನಿಲ್ಲಿಸುತ್ತಿದ್ದವು.
ತಮ್ಮನ ಮಗಳ ಮದುವೆಯೂಟದಲ್ಲಿ
ಉಪ್ಪು ಬಡಿಸುವ ಹುಡುಗ ಅವರ ಎಲೆಯ ಹತ್ತಿರ ಬಂದು
ಕೈ ಹಿಂದೆಳೆದ.
ಪಂಕ್ತಿಯೆಲ್ಲ ನಕ್ಕಿತು. ಅವರೂ ನಕ್ಕರು,
ಸಾರು ಸಪ್ಪೆಯಾಗಿಯೇ ಉಂಡರು.

ಪಿಂಚಣಿಯ ಸಹಿಯಾದ ಸಂಜೆ ನನ್ನ ಮನೆಗೆ ಬಂದು
"ದೇವರ ಪುಸ್ತಕ ಉಂಟಾ?" ಎಂದು ಕೇಳಿದರು.
ಇತ್ತು. ಅರ್ಧ ಗೆದ್ದಲು ಓದಿತ್ತು.
ಕನ್ನಡಕ ಏರಿಸಿ ಆ ನಲವತ್ತೆರಡರ ಸಾಲು ಹುಡುಕಿ
ಕೆಳಗೆ ತಮ್ಮ ಕೈಯಾರೆ ಬರೆದರು:
ದೀಪಕ್ಕೆ ಎಣ್ಣೆ, ಮೂರು ಕಾಸು.

ಮೊತ್ತ ತಿದ್ದು ಎಂದರು.
ತಿದ್ದಿದೆ.