ಎರಡು ಸೀಟಿ

ಒಂದು ಕೊರಳಲ್ಲಿ, ದಾರಕ್ಕೆ ಕಟ್ಟಿದ್ದು.
ಒಮ್ಮೆ ಊದಿದರೆ ಬಸ್ಸು ನಿಲ್ಲಬೇಕು,
ಎರಡು ಸಲ ಊದಿದರೆ ಹೊರಡಬೇಕು.
ಇನ್ನೊಂದು ಎದೆಯೊಳಗೆ.
ಅದನ್ನು ನಾನು ಊದುವುದಿಲ್ಲ, ಅದೇ ಊದಿಕೊಳ್ಳುತ್ತದೆ
ರಾತ್ರಿ ಮೂರರ ಸುಮಾರಿಗೆ.
ನಿಲ್ಲು ಅನ್ನುತ್ತಿದೆಯೋ ಹೋಗು ಅನ್ನುತ್ತಿದೆಯೋ
ಹನ್ನೊಂದು ವರ್ಷದ ಸರ್ವಿಸಿನಲ್ಲೂ ತಿಳಿಯಲಿಲ್ಲ.

ಶಿವಮೊಗ್ಗದಿಂದ ಸಾಗರ, ಸಾಗರದಿಂದ ಶಿವಮೊಗ್ಗ.
ರಸ್ತೆ ಅಗಲ ಮಾಡುತ್ತಿದ್ದ ವರ್ಷ.
ಕಿಟಕಿ ತೆಗೆದರೆ ಕೆಂಧೂಳು,
ಮುಚ್ಚಿದರೆ ಡ್ರೈವರ್ ರುದ್ರೇಶಣ್ಣ
ಗಣಪತಿ ಫೋಟೋಗೆ ಹಚ್ಚಿದ ಊದುಬತ್ತಿ.
ಹೇಳಲು ಸಂಕೋಚ,
ದೇವರ ಹೊಗೆಗೆ ಕೆಮ್ಮುವುದೆಂದರೆ!

ಚೀಲದಲ್ಲಿ ನೀಲಿ ಪಂಪು ಇತ್ತು, ಚಿಲ್ಲರೆಯ ಕೆಳಗೆ.
ಹೆಣ್ಣು ನೋಡಲು ಬಂದ ದಿನ ಅವ್ವ ಅದನ್ನು
ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಳು;
ಅಂದಿನಿಂದ ಅಡಗಿಸುವುದೇ ಅಭ್ಯಾಸ.
ಕಂದು ಬಣ್ಣದ್ದು ಮನೆಯಲ್ಲಿ, ಸೀರೆಗಳ ಹಿಂದೆ.
ಎರಡು ತಿಂಗಳು ಚೆನ್ನಾಗಿದ್ದೆ.
ಇನ್ನೇಕೆ ಅಂತ ಬಿಟ್ಟೆ.

ಮಂಗಳವಾರ, ಕುಂಸಿ ದಾಟಿ ಸ್ವಲ್ಪ ದೂರ,
ಅರವತ್ತೆಂಟು ಜನ.
‘ಮುಂದೆ ಹೋಗಿ’ ಅನ್ನಲು ಬಾಯಿ ತೆರೆದೆ.
‘ಮುಂ’ ಬಂತು, ‘ದೆ’ ಬರಲಿಲ್ಲ.

ಉಸಿರು ಒಳಗೆ ಬರುವುದಿಲ್ಲ ಅಂದುಕೊಳ್ಳುತ್ತಾರೆ ಜನ.
ಅಷ್ಟೇ ಅಲ್ಲ. ಒಳಗಿದ್ದದ್ದು ಇಳಿಯುವುದಿಲ್ಲ,
ಬಾಗಿಲಲ್ಲೇ ನಿಂತ ಕಾಲೇಜು ಹುಡುಗರ ಹಾಗೆ.
ಹಳಬರು ಇಳಿಯದೆ ಹೊಸಬರು ಎಲ್ಲಿ ಹತ್ತಬೇಕು?

ಸೀಟಿ ತುಟಿಗಿಟ್ಟೆ. ಗಾಳಿ ಇಲ್ಲ.
ಹೆಡಿಗೆ ಹಿಡಿದ ಮುದುಕಿಯೊಬ್ಬಳು ಬಸ್ಸಿನ ತಗಡು ಬಡಿದಳು:
“ನಿಲ್ಸೋ ಮಾರಾಯ, ಕಂಡಕ್ಟ್ರಮ್ಮನ ತುಟಿ ನೀಲಿ ಆಗ್ತಿದೆ!”
ಬಸ್ಸು ನಿಂತಿತು, ಸಲಹೆ ನಿಲ್ಲಲಿಲ್ಲ:
ಮಲಗಿಸಿ. ಈರುಳ್ಳಿ ಮೂಸಿಸಿ.
ಪಂಪು ಮಾತ್ರ ಬೇಡ, ಚಟ ಆಗುತ್ತೆ.
ಮುದುಕಿ ನನ್ನನ್ನು ನೆಟ್ಟಗೆ ಕೂರಿಸಿ
ಚೀಲ ಬೋರಲು ಸುರಿದಳು:
ಐದರ ನಾಣ್ಯ, ಎರಡರ ನಾಣ್ಯ, ನೀಲಿ.

ಆಸ್ಪತ್ರೆಯಲ್ಲಿ ಸಿಸ್ಟರ್ ಲವೀನಾ ಬೈಯಲಿಲ್ಲ.
“ನಿನ್ನೆ ಬ್ರೇಕ್ ಹಿಡೀತು ಅಂತ
ಇವತ್ತು ನೋಡದೇ ಬಿಡ್ತಾರಾ ಬಸ್ಸನ್ನ, ಡಿಪೋದಿಂದ?
ನೀಲಿ ಅಂದ್ರೆ, ಗಾಡಿ ಜಾರಿದಾಗ ಚಕ್ರಕ್ಕೆ ಕೊಡೋ ಕಲ್ಲು.
ಕಂದು ಬಣ್ಣದ್ದು ಬ್ರೇಕು. ದಿನಾ.
ಚೆನ್ನಾಗಿದ್ದ ದಿನವೂ.”
ಆಮೇಲೆ ನಾನು ಎಳೆಯುವ ರೀತಿ ನೋಡಿ ನಕ್ಕಳು:
“ಇಷ್ಟು ವರ್ಷ ನಾಲಿಗೆಗೆ ಔಷಧಿ ಹಾಕಿದೀಯಲ್ಲೇ!”

ಈಗ ಮಗನಿಗೂ. ಚರಣ, ಏಳು ವರ್ಷ.
ಬೆಳಿಗ್ಗೆ ಐದೂಕಾಲಿಗೆ ಬಚ್ಚಲ ಬಾಗಿಲಲ್ಲಿ
ಎದುರುಬದುರು ನಿಲ್ಲುತ್ತೇವೆ.
ಅವನ ಪಂಪಿಗೊಂದು ದಪ್ಪ ಪ್ಲಾಸ್ಟಿಕ್ ಕೊಳವೆ,
ಅವನಿಟ್ಟ ಹೆಸರು ಸೈಲೆನ್ಸರ್.
ಉಸಿರು ಪೂರಾ ಇಳಿಸು. ಒತ್ತು. ನಿಧಾನ ಎಳೆ. ಹಿಡಿ.
ಹತ್ತು ಎಣಿಸುವುದು ಬೇಜಾರು ಅವನಿಗೆ,
ಬೆರಳಲ್ಲಿ ಸ್ಟಾಪು ಎಣಿಸುತ್ತೇವೆ:
ಗಾಡಿಕೊಪ್ಪ...
ಆಯನೂರು...
ಕುಂಸಿ...
ಚೋರಡಿಗೆ ಅವನ ಕಣ್ಣು ಅಗಲ,
ಆನಂದಪುರಕ್ಕೆ ನನ್ನದೂ,
ಸಾಗರದಲ್ಲಿ ಭುಸ್ಸೆಂದು ಇಬ್ಬರೂ ಇಳಿಯುತ್ತೇವೆ.
ಬಾಯಿ ಮುಕ್ಕಳಿಸಿ ಉಗಿಯುವಾಗ
ಯಾರದು ದೂರ ಎಂಬ ಪಂದ್ಯ ಬೇರೆ.

ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ
ಅವನು ಕೆಮ್ಮಿದ ರಾತ್ರಿಗಳಿಗೆ ಕೆಂಪು ಚುಕ್ಕೆ.
ಜನವರಿ, ದಡಾರ ಎದ್ದ ಮೈ.
ಫೆಬ್ರವರಿಯಲ್ಲಿ ನಾಲ್ಕು.
ಈ ತಿಂಗಳು ಒಂದೇ, ಪಕ್ಕದವರು ಕಸ ಸುಟ್ಟ ದಿನ.

“ಎಷ್ಟು ದಿನ ಅಮ್ಮ ಇದು?”
ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿಲ್ಲ.
“ಸಾಗರಕ್ಕಿಂತ ದೂರವಾ?”
“ದೂರ.”
ಸ್ವಲ್ಪ ಯೋಚಿಸಿ ಶೂ ಹುಡುಕಲು ಹೋದ.

ಗಣಪತಿಗೆ ಈಗ ಬರೀ ದಾಸವಾಳ.
ಕೇಳಿದೆ ಒಂದು ದಿನ ರುದ್ರೇಶಣ್ಣನನ್ನು, ಅಷ್ಟೇ.
ಬಸ್ಸು ತುಂಬಿತು. ಎರಡು ಸಲ ಊದಿದೆ,
ಎರಡನೆಯದು ಕೊಂಚ ಉದ್ದವೇ ಆಯಿತು.
“ಸಾಕು ಮಾರಾಯ್ತಿ, ಕೇಳಿಸ್ತು,”
ಅಂದ, ಕನ್ನಡಿಯಲ್ಲಿ ನೋಡುತ್ತ.