ಮೊತಾಲಿಬನ ಹಿಂದಿನ ಚಕ್ರ

ಮುಹರ್ರಕ್‌ನ ಮೀನುಪೇಟೆಯ ಹಿಂದೆ
ನಮ್ಮದು ಒಂದೂವರೆ ಬಾಗಿಲಿನ ಅಂಗಡಿ.
ಅರ್ಧ ಯಾಕೆಂದರೆ
ಇನ್ನರ್ಧ ಪಕ್ಕದ ದರ್ಜಿಯದು.

ಜುಲೈಯಲ್ಲಿ ಸ್ಪಾನರು ಹಿಡಿಯಲಿಕ್ಕೂ ಬಟ್ಟೆ ಬೇಕು.
ಅಗ್ಗದ ಹಳದಿ ಗ್ರೀಸು
ಹತ್ತು ಗಂಟೆಯ ಬಿಸಿಲಿಗೇ ತುಪ್ಪವಾಗಿ
ಹಬ್ಬಿನಿಂದ ಜಾರಿ, ಕಡ್ಡಿಗುಂಟ ಇಳಿದು
ರಿಮ್ಮು ಮುಟ್ಟುತ್ತದೆ. ಆಮೇಲೆ ಶಮಾಲ್ ಗಾಳಿ
ತನ್ನ ಪಾಲಿನ ಮರಳು ತಂದು ಕಲಸುತ್ತದೆ.
ಒಳಗೆ ಒಂಬತ್ತೊಂಬತ್ತು ಗುಂಡು,
ಅರೆಯುವ ಕಲ್ಲಿಗೆ ಸಿಕ್ಕ ಕೊತ್ತಂಬರಿ.

ಹಾಗೆಂದು ಲಾರಿಯ ಕೆಂಪು ಗ್ರೀಸು ತುಂಬಿದೆಯೋ,
ಬಿಸಿಲಿಗೇನೋ ಜಗ್ಗುವುದಿಲ್ಲ.
ಜನವರಿಯ ಮುಂಜಾವಿನಲ್ಲಿ ಮಾತ್ರ
ರೊಟ್ಟಿ ಹೊರುವ ಹುಡುಗ
ಕಂಬಳದ ಗದ್ದೆಯಲ್ಲಿ ಓಡಿದ ಹಾಗೆ ತುಳಿಯಬೇಕು.

ಚೆಯ್ಯಬ್ಬಾಕ ನನಗೆ ಕಲಿಸಿದ್ದು ಇಷ್ಟು:
ಚೂರು ತೆಗೆದು ಎರಡು ಬೆರಳ ನಡುವೆ ಇಟ್ಟು
ಮೆಲ್ಲ ಬಿಡಿಸು.
ಎಳೆ ಪಾಕದಂತೆ ಬರಬೇಕು, ಉಂಡೆ ಕಟ್ಟಬಾರದು.
ಹಳೆಯದು ಪೂರ್ತಿ ತೊಳೆಯದೆ ಹೊಸದು ಹಚ್ಚಬೇಡ,
ಕೆಲವು ಗ್ರೀಸುಗಳದ್ದು ಎಣ್ಣೆ ಸೀಗೆಕಾಯಿ ಸಂಬಂಧ,
ಒಳಗೊಳಗೇ ಒಡೆದು ನೀರಾಗುತ್ತವೆ,
ನಿನಗೆ ಗೊತ್ತಾಗುವುದು ಗುಂಡು ಸವೆದ ಮೇಲೆ.
ಮತ್ತೆ, ಮೊದಲು ಕೇಳು:
ಯಾರ ಸೈಕಲ್ಲು?

ಬಕೆಟ್ಟು ತೂಗಿಸಿಕೊಂಡು ಕಾರು ತೊಳೆಯಲು ಹೋಗುವ ನೇಪಾಳಿಗೆ
ದೋಣಿ ಕಟ್ಟುವ ಅಂಗಳದಿಂದ ತಂದ ನೀಲಿ,
ಉಪ್ಪುನೀರಿಗೂ ಬಿಟ್ಟುಕೊಡದ್ದು.
ಶುಕ್ರವಾರ ಮಾತ್ರ ಮಸೀದಿಗೆ ತುಳಿಯುವ ಮುದುಕನಿಗೆ
ಹಳದಿಯೇ ಸಾಕು.
ಅವನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಅದು ಬೇರೆ ಮಾತು.

ಒಮ್ಮೆ ಬ್ಯಾಂಕಿನವನೊಬ್ಬ ಬಂದ.
ಕಿರುಬೆರಳಲ್ಲಿ ಎತ್ತಬಹುದಾದ ಸೈಕಲ್ಲು, ಮೈಗಂಟಿದ ಅಂಗಿ,
ತನ್ನದೇ ಗ್ರೀಸಿನ ಕೊಳವೆ. ಬಿಳಿ, ಹಲ್ಲುಜ್ಜಬಹುದು.
ಇದನ್ನೇ ಹಚ್ಚಿ ಅಂದ, ಉಳಿದದ್ದು ನಿಮಗೇ ಅಂದ.
ಬೆಲೆ ಆಮೇಲೆ ತಿಳಿದು
ಚೆಯ್ಯಬ್ಬಾಕ ಅದನ್ನು ಗಲ್ಲಾದೊಳಗೆ ಇಟ್ಟರು,
ದೀನಾರುಗಳ ಪಕ್ಕ.

ಅವರು ರಜೆಯ ಮೇಲೆ ಉಳ್ಳಾಲಕ್ಕೆ ಹೋದಾಗ ಬಂದವನು ಮೊತಾಲಿಬ್.
ಸಿಲ್ಹೆಟ್ಟಿನ ಚಹಾತೋಟದಲ್ಲಿ ಹುಟ್ಟಿ
ಇಲ್ಲಿ ದೋಣಿ ಅಂಗಳಕ್ಕೆ ಕರಕ್ ಚಹಾ ಒಯ್ಯುವವನು.
ಹಿಂದಿನ ಚಕ್ರ ಕರಕರ, ಓಣಿಯಾಚೆಗೂ ಕೇಳುವಷ್ಟು.
ನನಗೇನನ್ನಿಸಿತೋ, ಗಲ್ಲಾ ತೆರೆದೆ.
ಹದಿನೆಂಟು ಗುಂಡು ಹಾಲುಪುಡಿ ಡಬ್ಬದ ಸೀಮೆಎಣ್ಣೆಯಲ್ಲಿ ಮೀಯಿಸಿ
ಬಟ್ಟೆಯ ಮೇಲೆ ಉರುಳಿಸಿ ಒರೆಸಿ
ಹೊಟ್ಟೆ ತುಂಬ ತಿನ್ನಿಸಿದೆ ಆ ಬೆಣ್ಣೆ.
ಕೋನು ಬಿಗಿದು, ಕಾಲು ಸುತ್ತು ಸಡಿಲಿಸಿ
ಚಕ್ರ ತಿರುಗಿಸಿ ಬಿಟ್ಟೆ.
ಊರಿನ ಬೀಡಿಯೊಂದು ಅರ್ಧ ಉರಿದರೂ
ಅದು ತಿರುಗುತ್ತಲೇ ಇತ್ತು.

ಮೂರನೆಯ ದಿನ ಮತ್ತೆ ಬಂದ. ಫ್ಲಾಸ್ಕು ತುಂಬಿಯೇ ಇತ್ತು.
"ಉಸ್ತಾದ್, ಏನು ಮಾಡಿಬಿಟ್ಟಿರಿ?
ನಾನು ಬಂದದ್ದೇ ಯಾರಿಗೂ ಗೊತ್ತಾಗುವುದಿಲ್ಲ.
ಬೆಲ್ಲು ಎಲ್ಲರದ್ದೂ ಒಂದೇ,
ಮೀನಿನವನದ್ದು, ಐಸಿನವನದ್ದು.
ಆ ಕರಕರ ಮಾತ್ರ ನನ್ನೊಬ್ಬನದು.
ಕೇಳಿದರೆ ಬಡಗಿಗಳು ಹಲಗೆ ಬಿಟ್ಟು ಇಳಿಯುತ್ತಿದ್ದರು.
ಮೊದಲಿನ ಹಾಗೇ ಮಾಡಿಕೊಡಿ."

ಬಿಚ್ಚಿ ಮರಳು ಸುರಿಯಲು ಕೈ ಬರಲಿಲ್ಲ.
ದರ್ಜಿಯನ್ನು ಕೇಳಿ
ಕಾಲರಿನೊಳಗೆ ಹೊಲಿಯುವ ಗಟ್ಟಿ ಬಟ್ಟೆಯ ತುಂಡು ತಂದು
ಮಡ್‌ಗಾರ್ಡಿನ ಸಲಾಕೆಗೆ ಬಿಗಿದೆ, ಕಡ್ಡಿಗೆ ತಾಗುವಂತೆ.
ಟರ್ರ್ ಅಂದಿತು.
ಮೊತಾಲಿಬ್ ಒಂದು ಸುತ್ತು ಹೊಡೆದು ಬಂದ, ತಲೆ ಓರೆ ಮಾಡಿ.
"ಇದು ನನ್ನದಲ್ಲ," ಅಂದ.
ಸ್ವಲ್ಪ ಹೊತ್ತು ಬಿಟ್ಟು,
"ಇರಲಿ, ಅವರೇ ಕಲಿತುಕೊಳ್ಳುತ್ತಾರೆ."
ಎರಡು ಲೋಟ ಬಗ್ಗಿಸಿದ. ಒಂದು ದರ್ಜಿಗೆ.

ಚೆಯ್ಯಬ್ಬಾಕ ಬಂದವರೇ ಗಲ್ಲಾ ತೆರೆದು
ಚಪ್ಪಟೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.
ನಾನು ಪೆಡಲೊಂದನ್ನು ಬಹಳ ಹೊತ್ತು ಒರೆಸಿದೆ.
ಹೊರಗೆ ಟರ್ರೆಂದು ಏನೋ ಹಾದುಹೋಯಿತು.
"ಅದು ಯಾವ ಗ್ರೀಸು ಮಾರಾಯಾ?"
ಅಂದರು.