ಹಾವಸೆ

ಪ್ಯಾಕೆಟ್ಟಿನ ಮೇಲೆ ಸ್ಪಿರುಲಿನಾ ಅಂತಿದೆ.
ಹಸಿರು ಹಿಟ್ಟು, ವಿಭೂತಿಯಷ್ಟು ನುಣುಪು.
ಗುತ್ತಲು ರಸ್ತೆಯ ನನ್ನ ಪಾರ್ಲರಿನಲ್ಲಿ
ಮೊಸರು ಬೆರೆಸಿ ಕಲಸುತ್ತಿದ್ದೆ.
ಮದುವೆಗೆ ನಾಕೇ ದಿನವೆಂದು ಮೊಮ್ಮಗಳು ಎಳೆತಂದು ಕೂರಿಸಿದ
ಜವನಮ್ಮ ಕುರ್ಚಿಯ ತುದಿಯಲ್ಲಿ,
ಚಪ್ಪಲಿ ಬಾಗಿಲಾಚೆ.
ಮೂಗರಳಿಸಿದರು:

"ಇದು ಹಾವಸೆ ಕಣವ್ವ."

ಹೌದು, ಪಾಚಿಯ ಜಾತಿಯೇ, ಎಂದೆ.
ತೊಟ್ಟಿಯಲ್ಲಿ ಬೆಳೆಸ್ತಾರೆ, ಒಳ್ಳೇ ನೀರು,
ಸೋಸಿ, ಒಣಗಿಸಿ, ಪುಡಿ ಮಾಡಿ...
ಚರ್ಮಕ್ಕೆ ತಂಪು. ಎಣ್ಣೆಗೆ ಬೆರೆಸಿ ಕೂದಲಿಗೂ ಹಚ್ತಾರೆ.
ಕಂಪನಿ ಹುಡುಗ ಹೇಳಿದ್ದನ್ನೇ ಮಗ್ಗಿಯಂತೆ ಒಪ್ಪಿಸಿದೆ.

ಕೇಳಿಸಿಕೊಂಡರೋ ಇಲ್ಲವೋ.
ಗಂಡ ನಾಲೆಯ ಸೌಡಿಯಂತೆ.
ನೀರು ನಿಂತ ತಿಂಗಳು ತೂಬಿನ ಮೆಟ್ಟಿಲು ಕೆರೆಯಲು
ಹೆಂಗಸರಿಗೆ ಕೂಲಿ, ದಿನಕ್ಕೆ ಎಂಟು ರೂಪಾಯಿ.
ಕುಡುಗೋಲಿನ ಬೆನ್ನಲ್ಲಿ ಕೆರೆದರೆ
ಜಡೆಜಡೆಯಾಗಿ ಏಳುತ್ತಿತ್ತಂತೆ,
ಉಗುರ ಸಂದಿಯ ಹಸಿರು ರಾತ್ರಿ ಮುದ್ದೆಗೂ ಮೆತ್ತುತ್ತಿತ್ತಂತೆ.
ಒಮ್ಮೆ ಜಾರಿ, ಮುಂದಿನ ಎರಡು ಹಲ್ಲು ಅಲ್ಲೇ.
"ಕಾವೇರವ್ವಂಗೆ ಬಾಗಿನ ಕೊಟ್ಟಂಗಾಯ್ತು."

ಹಣೆ, ಕೆನ್ನೆ ಬಳಿದೆ.
ಗಲ್ಲದ ಮೂರು ಹಚ್ಚೆಚುಕ್ಕಿ
ಒಂದೊಂದೇ ಮುಳುಗಿದವು.
ಇಪ್ಪತ್ತು ನಿಮಿಷ ಮಾತು ಬೇಡ, ನಗಲೇಬೇಡಿ, ಬಿರಿಯುತ್ತೆ.

ಫ್ಯಾನು ಕಿರುಗುಟ್ಟಿತು. ಕಾರ್ಖಾನೆ ಕಡೆಯಿಂದ
ಕಾಕಂಬಿಯ ವಾಸನೆ ಬಂದು ಹೋಯಿತು.
ಹನ್ನೊಂದನೇ ನಿಮಿಷಕ್ಕೆ, ತುಟಿ ಅಲುಗಿಸದೆ:
"ಎಷ್ಟವ್ವ ಇದುಕ್ಕೆ?"
ಆರುನೂರು, ಎಂದೆ.

ಮೊದಲು ಹೊಟ್ಟೆ ಕುಲುಕಿತು. ಆಮೇಲೆ ಭುಜ.
ಆಮೇಲೆ ಕೆನ್ನೆಗಳೆರಡೂ
ನೀರಿಳಿದ ಗದ್ದೆಯ ಹಾಗೆ ಬಿರಿದು
ಹಸಿರು ಚಕ್ಕೆ ಮಡಿಲಿಗೆ,
ಮಡಿಲಿಂದ ನಾನು ಈಗಷ್ಟೇ ಒರೆಸಿದ ನೆಲಕ್ಕೆ.
ಹಲ್ಲಿಲ್ಲದ ಆ ಸಂದಿಯಿಂದ
ತೂಬು ಎತ್ತಿದಂತೆ ನಗು.
ನಾನೂ ನಕ್ಕೆ. ಮತ್ತೆ ಹಚ್ಚೋಣವೆಂದು ಬಟ್ಟಲು ಎತ್ತಿದೆ.

"ಬ್ಯಾಡ ಬುಡು, ಈ ಮಖ ಯಾರು ನೋಡ್ಯಾರು,
ಮಿಕ್ಕಿದ್ದ ಇಲ್ಲಿಗೆ ಹಚ್ಚು."
ಸೀರೆಯಂಚು ಎತ್ತಿ ಹಿಮ್ಮಡಿ ಚಾಚಿದರು.
ಕಾಸು ನಿಲ್ಲಿಸಬಹುದಾದ ಸೀಳುಗಳು.

ಕೆಳಗೆ ಕೂತೆ.
ಬೆರಳ ತುದಿಯಿಂದ ಒಂದೊಂದಕ್ಕೂ ತುಂಬಿದೆ.
ಅವರು ಕಣ್ಣು ಮುಚ್ಚಿದ್ದರು.
"ಜಾರ್ತದೆ ಕಣವ್ವ, ನಿಧಾನ," ಎಂದರು,
ನನಗೋ, ತಮ್ಮ ಕಾಲಿಗೋ.